ಸಂವಿಧಾನ ನಿಂತಿರುವುದು ದೇವರ ಮೇಲೋ, ನಾಯಕರ ಮೇಲೋ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ದೇಶದ ಸಂವಿಧಾನ ಉಳಿಯಬೇಕಾದರೆ ಅಲ್ಲಿನ ಜನರಲ್ಲಿ ದೈವಭಕ್ತಿ ಇರಬೇಕು, ಆಳುವವರಲ್ಲಿ ಹೊಣೆಗಾರಿಕೆ ಇರಬೇಕು ಎಂಬ ಮಾತು ಹೊಸದಲ್ಲ. ಭಾರತದ ಸಂವಿಧಾನವನ್ನು ಬರೆದವರು ಈ ಎರಡೂ ಮಾತುಗಳನ್ನು ಸದನದಲ್ಲಿ ಚರ್ಚಿಸಿದರು. ಮೊದಲನೆಯದನ್ನು ಮತಕ್ಕೆ ಹಾಕಿ ಬದಿಗಿಟ್ಟರು, ಎರಡನೆಯದನ್ನು ಇಡೀ ವ್ಯವಸ್ಥೆಯ ನಡುಗಂಬವಾಗಿ ನಿಲ್ಲಿಸಿದರು. ಈ ವಿಷಯದಲ್ಲಿ ವಿದ್ಯಾರ್ಥಿಗಳೂ ಓದುಗರೂ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ನಮ್ಮ ಸಂವಿಧಾನದ ಪೀಠಿಕೆಯಲ್ಲಿ ದೇವರ ಹೆಸರು ಏಕಿಲ್ಲ? ಬರೆದವರು ಮರೆತರೇ?

ಮರೆಯಲಿಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನ ರಚನಾ ಸಭೆ ಪೀಠಿಕೆಯನ್ನು ಕೈಗೆತ್ತಿಕೊಂಡಾಗ ಮಂಗಳೂರು ಮೂಲದ ಎಚ್.ವಿ. ಕಾಮತರು ಒಂದು ತಿದ್ದುಪಡಿ ಮಂಡಿಸಿದರು. ಪೀಠಿಕೆಯು 'ದೇವರ ಹೆಸರಿನಲ್ಲಿ, ಭಾರತದ ಜನತೆಯಾದ ನಾವು' ಎಂದು ಆರಂಭವಾಗಬೇಕು ಎಂಬುದು ಅವರ ಕೋರಿಕೆ. ಬ್ರಿಟಿಷರ ಕಾಲದ ಉನ್ನತ ಆಡಳಿತ ಸೇವೆಯಾದ ಐ.ಸಿ.ಎಸ್. ಹುದ್ದೆಗೆ ರಾಜೀನಾಮೆ ಕೊಟ್ಟು ಸುಭಾಷಚಂದ್ರ ಬೋಸರ ಜೊತೆಗೆ ಹೋಗಿದ್ದ ಕಾಮತರು ಹುಡುಗಾಟಿಕೆಗೆ ತಿದ್ದುಪಡಿ ತರುವವರಲ್ಲ. ಇದೇ ಜಾಡಿನಲ್ಲಿ ಬೇರೆ ಸಲಹೆಗಳೂ ಬಂದವು. ಗೋವಿಂದ ಮಾಳವೀಯರು ಪರಮೇಶ್ವರನ ಕೃಪೆಯನ್ನು ಸ್ಮರಿಸಬೇಕು ಎಂದರು. ಶಿಬ್ಬನ್ ಲಾಲ್ ಸಕ್ಸೇನರು ದೇವರ ಜೊತೆಗೆ ಗಾಂಧೀಜಿಯವರ ಹೆಸರನ್ನೂ ಸೇರಿಸಬಯಸಿದರು. ಶಕ್ತಿಯ ಆರಾಧನೆಗೆ ಹೆಸರಾದ ಕಾಮರೂಪದ ಕಡೆಯ ರೋಹಿಣಿ ಕುಮಾರ ಚೌಧರಿಯವರು, ದೇವರೇ ಏಕೆ, ದೇವಿ ಏಕಾಗಬಾರದು ಎಂದು ಕೇಳಿದರು. ನಗು ತರಿಸುವಂತಿದ್ದರೂ ಆ ಪ್ರಶ್ನೆಯಲ್ಲೇ ಅಂದಿನ ತೊಡಕೆಲ್ಲವೂ ಅಡಗಿತ್ತು. ದೇವರನ್ನು ಬರೆಯಲು ಹೊರಟ ಕೂಡಲೇ ಯಾವ ದೇವರು ಎಂಬುದನ್ನೂ ಬರೆಯಬೇಕಾಗುತ್ತದೆ.

ಎದುರು ನಿಂತವರ ವಾದ ನಾಸ್ತಿಕರ ವಾದವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ತಿರುವಾಂಕೂರಿನ ಪಟ್ಟಂ ತಾಣು ಪಿಳ್ಳೆಯವರು, ದೇವರನ್ನು ನಂಬುವ ಅಥವಾ ನಂಬದಿರುವ ಹಕ್ಕನ್ನು ಇದೇ ಸಂವಿಧಾನ ಕೊಡುತ್ತಿರುವಾಗ ಪೀಠಿಕೆಯಲ್ಲಿ ದೇವರನ್ನು ಸೇರಿಸುವುದು ನಂಬಿಕೆಯ ವಿಷಯದಲ್ಲಿ ಒತ್ತಾಯ ಹೇರಿದಂತೆ ಎಂದರು. ಹೃದಯನಾಥ ಕುಂಜ್ರೂ ಅವರಿಗೆ ಮನುಷ್ಯನ ಅತ್ಯಂತ ಒಳಗಿನ ಭಾವನೆಯೊಂದು ಹೀಗೆ ಚರ್ಚೆಯ ಕಣಕ್ಕೆ ಬಂದದ್ದೇ ವಿಷಾದದ ಸಂಗತಿಯಾಗಿತ್ತು. ದೇವರ ಬಗ್ಗೆ ಮತ ಹಾಕುವ ಮುಜುಗರಕ್ಕೆ ಸದಸ್ಯರನ್ನು ತಳ್ಳಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಪಟ್ಟು ಬಿಡಲಿಲ್ಲ. ಮತ ಎಣಿಕೆಯಾದಾಗ ಪರವಾಗಿ 41, ವಿರುದ್ಧವಾಗಿ 68 ಬಂದವು. ಇದು ನಮ್ಮ ಚರಿತ್ರೆಯಲ್ಲಿ ಕರಾಳ ದಿನ, ದೇವರೇ ಭಾರತವನ್ನು ಕಾಪಾಡಲಿ ಎಂದು ಕಾಮತರು ನೊಂದು ನುಡಿದರು.

ಸೋತವರು 41 ಜನ, ಅಂದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಆದ್ದರಿಂದ ಈ ಪ್ರಶ್ನೆ ಅಂದೇ ಇತ್ಯರ್ಥವಾಯಿತು ಎನ್ನುವಷ್ಟೇ ಸತ್ಯವಾಗಿ, ಅದನ್ನು ಎತ್ತಿದವರು ಬೆರಳೆಣಿಕೆಯ ಜನರೇನೂ ಆಗಿರಲಿಲ್ಲ ಎಂದೂ ಹೇಳಬೇಕಾಗುತ್ತದೆ.

ಪೀಠಿಕೆಯಲ್ಲಿ ಬೇಡವೆಂದ ದೇವರು ಪ್ರಮಾಣವಚನದಲ್ಲಿ ಹೇಗೆ ಬಂದ?

ಸ್ವಲ್ಪ ಮೊದಲೇ ಬಂದಿದ್ದ. 1948ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿಯ ಪ್ರಮಾಣವಚನದ ಚರ್ಚೆ ನಡೆದಾಗ ಕಾಮತರು ಮತ್ತು ಮಹಾವೀರ ತ್ಯಾಗಿಯವರು ಒತ್ತಾಯಿಸಿದ್ದರಿಂದ, ಅಧಿಕಾರ ಸ್ವೀಕರಿಸುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು ಅಥವಾ ದೇವರನ್ನು ಕರೆಯದೆ ಗಂಭೀರವಾಗಿ ದೃಢೀಕರಿಸಬಹುದು ಎಂಬ ಎರಡು ದಾರಿಗಳು ದಾಖಲಾದವು. 60ನೇ ವಿಧಿಯಲ್ಲಿಯೂ ಸಚಿವರು, ಶಾಸಕರು, ನ್ಯಾಯಾಧೀಶರ ಪ್ರಮಾಣವಚನಗಳಿರುವ ಮೂರನೇ ಅನುಸೂಚಿಯಲ್ಲಿಯೂ ಈ ಎರಡು ದಾರಿಗಳು ಅಕ್ಕಪಕ್ಕದಲ್ಲಿವೆ.

ಇದರಲ್ಲಿ ವಿರೋಧಾಭಾಸವಿಲ್ಲ. ಪೀಠಿಕೆಯಲ್ಲಿ ಮಾತನಾಡುವುದು ಇಡೀ ಜನತೆ. ಪ್ರಮಾಣವಚನದಲ್ಲಿ ಮಾತನಾಡುವುದು ಒಬ್ಬ ವ್ಯಕ್ತಿ. ತನ್ನ ಮಾತಿಗೆ ಯಾರನ್ನು ಸಾಕ್ಷಿಯಾಗಿ ಕರೆಯಬೇಕು ಎಂಬುದನ್ನು ಆ ವ್ಯಕ್ತಿಯ ಅಂತಃಸಾಕ್ಷಿಗೆ ಬಿಡಬಹುದು, ಎಲ್ಲರ ಪರವಾಗಿ ಸಾಕ್ಷಿಯನ್ನು ಕರೆಯುವ ಅಧಿಕಾರ ಮಾತ್ರ ಯಾರಿಗೂ ಇಲ್ಲ. ಮಠಾಧೀಶರ, ಕುಲದೇವತೆಯ, ರೈತರ, ತಮ್ಮ ಪಕ್ಷದ ಹಿರಿಯರ ಹೆಸರಿನಲ್ಲಿ ಪ್ರಮಾಣ ಮಾಡುವ ರೂಢಿ ನಮ್ಮ ರಾಜ್ಯದಲ್ಲಿ ಬೆಳೆದಿರುವುದನ್ನು ನೋಡಿದರೆ ಮೂರನೇ ಅನುಸೂಚಿಯನ್ನು ಯಾರೂ ಓದಿಲ್ಲವೇನೋ ಅನಿಸುತ್ತದೆ. ಅಲ್ಲಿ ಮೂರನೆಯ ದಾರಿ ಇಲ್ಲ.

ಮೂಲ ಪ್ರತಿಯಲ್ಲಿ ರಾಮ, ಕೃಷ್ಣ, ಬುದ್ಧರ ಚಿತ್ರಗಳಿವೆ. ಅದು ಧರ್ಮದ ತಳಹದಿಗೆ ಪುರಾವೆಯಲ್ಲವೇ?

ಚಿತ್ರಗಳಿರುವುದು ನಿಜ. ನಂದಲಾಲ ಬೋಸ್ ಮತ್ತು ಅವರ ಶಾಂತಿನಿಕೇತನದ ಬಳಗ ಕೈಬರಹದ ಪ್ರತಿಯನ್ನು ಅಲಂಕರಿಸಿತು. ಮೂಲಭೂತ ಹಕ್ಕುಗಳ ಭಾಗದ ನೆತ್ತಿಯಲ್ಲಿ ರಾಮ, ಸೀತೆ, ಲಕ್ಷ್ಮಣರಿದ್ದಾರೆ. ಅದೇ ಪ್ರತಿಯಲ್ಲಿ ಮಹಾವೀರ, ಅಕ್ಬರ್, ಶಿವಾಜಿ, ಗುರು ಗೋವಿಂದ ಸಿಂಗ್, ದಂಡಿಯ ದಾರಿಯಲ್ಲಿ ನಡೆಯುವ ಗಾಂಧೀಜಿ ಎಲ್ಲರೂ ಇದ್ದಾರೆ. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನ ಮತ್ತು ಝಾನ್ಸಿಯ ಲಕ್ಷ್ಮೀಬಾಯಿ ಒಂದೇ ಪುಟದಲ್ಲಿದ್ದಾರೆ. ಈ ನೆಲದ ಕಥೆಯನ್ನು ಸಿಂಧೂ ಕಣಿವೆಯಿಂದ ಸ್ವಾತಂತ್ರ್ಯದವರೆಗೆ ಹೇಳುವ ಚಿತ್ರಮಾಲೆ ಅದು. ಅದರಿಂದ ಒಂದೇ ಪುಟವನ್ನು ಹರಿದು ತೋರಿಸಿ ವಾದ ಮಾಡುವವರು, ಅವರು ಯಾವ ಕಡೆಯವರೇ ಆಗಿರಲಿ, ಪುಸ್ತಕವನ್ನು ಪೂರ್ತಿ ನೋಡಿರುವುದಿಲ್ಲ.

ಧರ್ಮವಿಲ್ಲದೆ ನೀತಿ ಎಲ್ಲಿಂದ ಬರಬೇಕು? ನೀತಿಯಿಲ್ಲದೆ ಸಂವಿಧಾನ ಹೇಗೆ ಉಳಿಯುತ್ತದೆ?

ಇದು ಈ ಪಟ್ಟಿಯಲ್ಲೇ ಅತ್ಯಂತ ಗಟ್ಟಿಯಾದ ಪ್ರಶ್ನೆ. ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ 1798ರ ಅಕ್ಟೋಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಸೈನಿಕ ಪಡೆಗೆ ಬರೆದ ಪತ್ರದಲ್ಲಿ, ತಮ್ಮ ಸಂವಿಧಾನ ನೀತಿವಂತರೂ ಧರ್ಮನಿಷ್ಠರೂ ಆದ ಜನರಿಗೆಂದೇ ರೂಪುಗೊಂಡದ್ದು, ಬೇರೆ ಯಾವ ಜನರನ್ನು ಆಳಲೂ ಅದು ಸಾಲದು ಎಂದಿದ್ದರು. ಅದೇ ಸಂವಿಧಾನದ ಆರನೇ ವಿಧಿಯು, ಯಾವುದೇ ಸರ್ಕಾರಿ ಹುದ್ದೆಗೆ ಧಾರ್ಮಿಕ ಅರ್ಹತೆಯ ಪರೀಕ್ಷೆ ಇರತಕ್ಕದ್ದಲ್ಲ ಎಂದೂ ಹೇಳುತ್ತದೆ. ಅಂದರೆ ಜನ ಧರ್ಮನಿಷ್ಠರಾಗಿರಲಿ ಎಂದು ಹಾರೈಸಿದವರೂ ಅದನ್ನು ಕಾನೂನಿನ ಷರತ್ತಾಗಿ ಮಾಡಲು ಒಪ್ಪಲಿಲ್ಲ. 1937ರ ಐರ್ಲೆಂಡ್ ಸಂವಿಧಾನ ಇದಕ್ಕೆ ಬೇರೆಯಾಗಿ, ಕ್ರೈಸ್ತರು ದೇವರೆಂದು ನಂಬುವ ಪವಿತ್ರ ತ್ರಿತ್ವದ ಹೆಸರಿನಲ್ಲಿಯೇ ಆರಂಭವಾಗುತ್ತದೆ. ಬಹುಮಟ್ಟಿಗೆ ಒಂದೇ ಮತದ ಜನರಿದ್ದ ದೇಶಕ್ಕೆ ಅದು ಸಾಧ್ಯವಾಯಿತು.

ಕನ್ನಡದಲ್ಲಿ ಈ ಪ್ರಶ್ನೆಗೆ ಇನ್ನೊಂದು ಗಂಟು ಇದೆ. ನಮ್ಮಲ್ಲಿ 'ಧರ್ಮ' ಎಂಬ ಒಂದೇ ಪದ ಮತವನ್ನೂ ಕರ್ತವ್ಯವನ್ನೂ ದಾನವನ್ನೂ ನ್ಯಾಯವನ್ನೂ ಸೂಚಿಸುತ್ತದೆ. ಧರ್ಮಾಸ್ಪತ್ರೆಗೆ ಹೋದವರನ್ನು ನಿಮ್ಮದು ಯಾವ ಧರ್ಮ ಎಂದು ಕೇಳುವುದಿಲ್ಲ. ಧರ್ಮಸಂಕಟ ನಾಸ್ತಿಕನಿಗೂ ಬರುತ್ತದೆ. ಆದ್ದರಿಂದ 'ಧರ್ಮವಿಲ್ಲದೆ ರಾಜ್ಯ ನಡೆಯದು' ಎಂದು ಒಬ್ಬರು ಹೇಳಿದಾಗ ಅವರು ನ್ಯಾಯವಿಲ್ಲದೆ ನಡೆಯದು ಎಂದರೇ, ತಮ್ಮ ಮತವಿಲ್ಲದೆ ನಡೆಯದು ಎಂದರೇ ಎಂದು ಮೊದಲು ಕೇಳಿ ತಿಳಿಯಬೇಕು. ಮೊದಲನೆಯದಕ್ಕೆ ಯಾರ ತಕರಾರೂ ಇರಲಾರದು. ಎರಡನೆಯದನ್ನು ಮೊದಲನೆಯದರ ಬಟ್ಟೆ ತೊಡಿಸಿ ಒಳಗೆ ಬಿಡುವುದರಲ್ಲಿ ಅಪಾಯವಿದೆ.

ವ್ಯಕ್ತಿಯೊಬ್ಬನ ನೀತಿ ಅವನ ದೇವರಿಂದ ಬರಬಹುದು, ತಾಯಿಯಿಂದ ಬರಬಹುದು, ಓದಿನಿಂದ ಬರಬಹುದು. ಸಂವಿಧಾನ ಅದರ ಮೂಲವನ್ನು ವಿಚಾರಿಸುವುದಿಲ್ಲ. ಆದರೆ ಅಧಿಕಾರದಲ್ಲಿರುವವರಿಂದ ಅದು ಒಂದು ಪ್ರತ್ಯೇಕ ನೀತಿಯನ್ನು ಬಯಸುತ್ತದೆ, ಮತ್ತು ಆ ನೀತಿ ಯಾವ ಮತದಿಂದಲೂ ತಾನಾಗಿ ಹುಟ್ಟುವುದಿಲ್ಲ.

ಆ ಪ್ರತ್ಯೇಕ ನೀತಿ ಯಾವುದು?

1948ರ ನವೆಂಬರ್ 4ರಂದು ಕರಡು ಸಂವಿಧಾನವನ್ನು ಮಂಡಿಸುತ್ತ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಸಾಂವಿಧಾನಿಕ ನೈತಿಕತೆ ಎಂದು ಕರೆದರು. ಪದವನ್ನು ಅವರು ಪಡೆದದ್ದು ಗ್ರೀಸಿನ ಚರಿತ್ರೆ ಬರೆದ ಜಾರ್ಜ್ ಗ್ರೋಟ್ ಅವರಿಂದ. ಸಂವಿಧಾನದ ರೂಪಗಳಿಗೆ ಗೌರವ, ಅವುಗಳ ಅಡಿಯಲ್ಲಿ ಕೆಲಸ ಮಾಡುವ ಅಧಿಕಾರಕ್ಕೆ ವಿಧೇಯತೆ, ಅದರ ಜೊತೆಗೇ ಆ ಅಧಿಕಾರಸ್ಥರ ಪ್ರತಿಯೊಂದು ನಡೆಯನ್ನೂ ಮುಕ್ತವಾಗಿ ಟೀಕಿಸುವ ರೂಢಿ, ಮತ್ತು ಎದುರಾಳಿಯ ದೃಷ್ಟಿಯಲ್ಲಿಯೂ ಸಂವಿಧಾನ ನಮ್ಮ ದೃಷ್ಟಿಯಲ್ಲಿರುವಷ್ಟೇ ಪವಿತ್ರವಾಗಿರುತ್ತದೆ ಎಂಬ ವಿಶ್ವಾಸ, ಇವೆಲ್ಲ ಸೇರಿ ಆ ನೈತಿಕತೆ. ಇದು ಸಹಜವಾಗಿ ಬರುವ ಭಾವನೆಯಲ್ಲ, ಬೆಳೆಸಬೇಕಾದದ್ದು, ನಮ್ಮ ಜನ ಇನ್ನೂ ಕಲಿಯಬೇಕಾಗಿದೆ ಎಂದ ಅಂಬೇಡ್ಕರ್, ಭಾರತದ ಮಣ್ಣು ಮೂಲತಃ ಪ್ರಜಾಪ್ರಭುತ್ವಕ್ಕೆ ಒಗ್ಗಿದ್ದಲ್ಲ, ಅದರ ಮೇಲೆ ಪ್ರಜಾಪ್ರಭುತ್ವ ಮೇಲುಗೊಬ್ಬರದ ಹಾಗಿದೆ ಎಂಬ ಕಟುವಾದ ಹೋಲಿಕೆಯನ್ನೂ ಕೊಟ್ಟರು. ಹೊಲದಲ್ಲಿ ದುಡಿದವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಮೇಲೆ ಚೆಲ್ಲಿದ ಗೊಬ್ಬರ ಒಂದು ಜೋರು ಮಳೆಗೆ ಕೊಚ್ಚಿಹೋಗುತ್ತದೆ.

ಅದೇ ಭಾಷಣದಲ್ಲಿ ಅವರು ಸೇರಿಸಿದ ಇನ್ನೊಂದು ಮಾತು ಹೆಚ್ಚು ಉಲ್ಲೇಖವಾಗುವುದಿಲ್ಲ. ಸಂವಿಧಾನದ ಒಂದಕ್ಷರವನ್ನೂ ಬದಲಿಸದೆ, ಕೇವಲ ಆಡಳಿತದ ರೀತಿಯನ್ನು ಬದಲಿಸಿ, ಸಂವಿಧಾನವನ್ನು ಕೆಡಿಸಿಬಿಡಬಹುದು ಎಂದರು. ಕರಡಿನಲ್ಲಿ ಆಡಳಿತದ ಸಣ್ಣ ಸಣ್ಣ ವಿವರಗಳನ್ನೂ ಬರೆದಿಟ್ಟದ್ದೇಕೆ ಎಂಬ ಆಕ್ಷೇಪಕ್ಕೆ ಇದೇ ಅವರ ಉತ್ತರವಾಗಿತ್ತು.

ಹಾಗಾದರೆ ಎಲ್ಲವೂ ಒಳ್ಳೆಯ ನಾಯಕರ ಮೇಲೆಯೇ ನಿಂತಿತಲ್ಲವೇ?

ಹೀಗೆ ಹೇಳಿದವರಲ್ಲಿ ರಾಜೇಂದ್ರ ಪ್ರಸಾದರು ಪ್ರಮುಖರು. 1949ರ ನವೆಂಬರ್ 26ರಂದು ಸಂವಿಧಾನ ಅಂಗೀಕಾರವಾಗುವ ಮುನ್ನ ಸಭೆಯ ಅಧ್ಯಕ್ಷರಾಗಿ ಮಾತನಾಡಿದ ಅವರು, ಸಂವಿಧಾನವು ಯಂತ್ರದಂತೆ ನಿರ್ಜೀವ ವಸ್ತು, ಅದನ್ನು ನಡೆಸುವ ಮನುಷ್ಯರಿಂದಲೇ ಅದಕ್ಕೆ ಜೀವ ಬರುತ್ತದೆ, ಆಯ್ಕೆಯಾದವರು ಶೀಲವಂತರಾದರೆ ದೋಷವಿರುವ ಸಂವಿಧಾನದಿಂದಲೂ ಒಳಿತು ಮಾಡಿಯಾರು ಎಂದರು. ಅದಕ್ಕೆ ಒಂದು ದಿನ ಮೊದಲು ಅಂಬೇಡ್ಕರ್ ಕೂಡ, ಸಂವಿಧಾನ ಎಷ್ಟೇ ಒಳ್ಳೆಯದಿದ್ದರೂ ನಡೆಸುವವರು ಕೆಟ್ಟವರಾದರೆ ಅದು ಕೆಟ್ಟದ್ದಾಗಿಯೇ ಪರಿಣಮಿಸುತ್ತದೆ ಎಂದಿದ್ದರು.

ಇಬ್ಬರ ಮಾತೂ ಒಂದೇ ಎಂದು ಇಲ್ಲಿಗೇ ನಿಲ್ಲಿಸುವುದು ವಾಡಿಕೆ. ನನಗೆ ಹಾಗನಿಸುವುದಿಲ್ಲ. ರಾಜೇಂದ್ರ ಪ್ರಸಾದರು ಪ್ರಾಮಾಣಿಕರು ದೊರೆಯಲಿ ಎಂದು ಆಶಿಸಿದರು. ಅಂಬೇಡ್ಕರ್ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಾಮಾಣಿಕರನ್ನೂ ಪೂರ್ತಿ ನಂಬಬೇಡಿ ಎಂದರು. ಎಷ್ಟೇ ದೊಡ್ಡ ಮನುಷ್ಯನ ಪಾದದಲ್ಲಿಯೂ ನಿಮ್ಮ ಸ್ವಾತಂತ್ರ್ಯವನ್ನು ಇಡಬೇಡಿ ಎಂಬ ಜಾನ್ ಸ್ಟುವರ್ಟ್ ಮಿಲ್ಲರ ಎಚ್ಚರಿಕೆಯನ್ನು ನೆನಪಿಸಿ, ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾದೀತು, ರಾಜಕೀಯದಲ್ಲಿ ಭಕ್ತಿ ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ಖಚಿತವಾದ ದಾರಿ ಎಂದರು. ನಮ್ಮ ಪ್ರಶ್ನೆಗೆ ಇದು ನೇರವಾಗಿ ತಾಗುತ್ತದೆ. ದೇವರ ಮೇಲಿನ ಭಕ್ತಿ ಕಡಿಮೆಯಾಯಿತೆಂದು ಈ ಸಂವಿಧಾನ ಎಂದೂ ಅಪಾಯಕ್ಕೆ ಸಿಲುಕಿಲ್ಲ. ನಾಯಕರ ಮೇಲಿನ ಭಕ್ತಿ ಹೆಚ್ಚಾದಾಗ ಸಿಲುಕಿದೆ.

ನಾಯಕರ ಉತ್ತರದಾಯಿತ್ವಕ್ಕೆ ಸಂವಿಧಾನದಲ್ಲಿ ನಿಜವಾದ ವ್ಯವಸ್ಥೆ ಇದೆಯೇ, ಆಶಯ ಮಾತ್ರವೇ?

ವ್ಯವಸ್ಥೆಯೇ ಇದೆ. ಅಧ್ಯಕ್ಷೀಯ ಪದ್ಧತಿಗೆ ಬದಲಾಗಿ ಸಂಸದೀಯ ಪದ್ಧತಿಯನ್ನು ಆರಿಸಿದ್ದರ ಕಾರಣವೇ ಅದು. ಕಾರ್ಯಾಂಗ ಸ್ಥಿರವಾಗಿರಬೇಕು, ಹೊಣೆಯುಳ್ಳದ್ದಾಗಿಯೂ ಇರಬೇಕು, ಎರಡನ್ನೂ ಸಮಪ್ರಮಾಣದಲ್ಲಿ ಕೊಡುವ ಪದ್ಧತಿ ಇನ್ನೂ ಸಿಕ್ಕಿಲ್ಲ ಎಂದು ಅಂಬೇಡ್ಕರ್ ವಿವರಿಸಿದರು. ಅಮೆರಿಕದ ಪದ್ಧತಿ ಹೆಚ್ಚು ಸ್ಥಿರತೆ ಕೊಡುತ್ತದೆ, ಬ್ರಿಟನ್ನಿನದು ಹೆಚ್ಚು ಹೊಣೆಗಾರಿಕೆ ಕೊಡುತ್ತದೆ, ಕರಡು ಸಂವಿಧಾನ ಹೊಣೆಗಾರಿಕೆಯನ್ನು ಆರಿಸಿದೆ ಎಂದರು. ಮತದಾರರು ಚುನಾವಣೆಯಲ್ಲಿ ಮಾತ್ರ ಲೆಕ್ಕ ಕೇಳುತ್ತಾರೆ. ಪ್ರಶ್ನೋತ್ತರ, ನಿಲುವಳಿ ಸೂಚನೆ, ಅವಿಶ್ವಾಸ ನಿರ್ಣಯಗಳ ಮೂಲಕ ಸದನ ದಿನದಿನವೂ ಲೆಕ್ಕ ಕೇಳುತ್ತದೆ. 75ನೇ ವಿಧಿಯಡಿ ಕೇಂದ್ರ ಸಚಿವ ಸಂಪುಟ ಲೋಕಸಭೆಗೆ, 164ನೇ ವಿಧಿಯಡಿ ರಾಜ್ಯದ ಸಂಪುಟ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ. ಹಾಗಾಗಿ ಪ್ರಶ್ನೋತ್ತರ ವೇಳೆ ಗದ್ದಲದಲ್ಲಿ ಕೊಚ್ಚಿಹೋಯಿತು, ಅಧಿವೇಶನ ಮೊಟಕಾಯಿತು ಎಂಬ ಸುದ್ದಿಯನ್ನು ಒಳಪುಟದ ಸುದ್ದಿಯೆಂದು ದಾಟಿಹೋಗಬಾರದು.

ಈ ವ್ಯವಸ್ಥೆ ಸೋತ ಉದಾಹರಣೆ ಇದೆಯೇ?

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮರುದಿನ ಬೆಂಗಳೂರಿನಲ್ಲಿ ಬಂಧಿತರಾದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದವರು ಇಲ್ಲಿಗೆ ಬಂದಿದ್ದುದು ಪಕ್ಷಾಂತರ ಕುರಿತ ಸಂಸದೀಯ ಜಂಟಿ ಸಮಿತಿಯ ಸಭೆಗೆ. ಶಾಸಕರನ್ನು ಜನರಿಗೆ ಉತ್ತರದಾಯಿಯಾಗಿಸುವುದು ಹೇಗೆಂದು ಚರ್ಚಿಸಲು ಬಂದವರು ಸೆರೆಮನೆ ಸೇರಿದರು. ಅಂದು ಅಧಿಕಾರದಲ್ಲಿದ್ದವರೆಲ್ಲರೂ ಸಂವಿಧಾನಕ್ಕೆ ನಿಷ್ಠರಾಗಿರುತ್ತೇವೆಂದು ಪ್ರಮಾಣ ಮಾಡಿದ್ದವರೇ. ಪ್ರಮಾಣವಚನ ಯಾರನ್ನೂ ತಡೆಯಲಿಲ್ಲ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಅಕ್ರಮ ಬಂಧನವನ್ನು ಪ್ರಶ್ನಿಸುವ ಹಕ್ಕು ತುರ್ತುಪರಿಸ್ಥಿತಿಯಲ್ಲಿ ಇಲ್ಲವೆಂದು ತೀರ್ಪಿತ್ತರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ.

ಕೊನೆಗೆ 1977ರ ಮಾರ್ಚಿನ ಚುನಾವಣೆ ಸರ್ಕಾರವನ್ನು ಕೆಳಗಿಳಿಸಿತು. 1978ರ 44ನೇ ತಿದ್ದುಪಡಿ ತುರ್ತುಪರಿಸ್ಥಿತಿಗೆ 'ಆಂತರಿಕ ಕ್ಷೋಭೆ' ಎಂಬ ಸಡಿಲ ಕಾರಣವನ್ನು ತೆಗೆದು 'ಸಶಸ್ತ್ರ ಬಂಡಾಯ' ಎಂದು ಬಿಗಿಗೊಳಿಸಿತು, ಮತ್ತು ಜೀವ ಹಾಗೂ ಸ್ವಾತಂತ್ರ್ಯದ 21ನೇ ವಿಧಿಯ ರಕ್ಷಣೆಯನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಲಾಗದಂತೆ ಮಾಡಿತು. ನಾಯಕರ ಮನಃಪರಿವರ್ತನೆಗಾಗಿ ಕಾಯದೆ ಬೀಗವನ್ನು ಬದಲಿಸಿದರು.

ಕರ್ನಾಟಕದ ಅನುಭವ ಏನು ಹೇಳುತ್ತದೆ?

ಈ ಪ್ರಶ್ನೆಯ ಎರಡೂ ಮುಖಗಳನ್ನು ಒಟ್ಟಿಗೆ ತೋರಿಸುವ ತೀರ್ಪು ಕರ್ನಾಟಕದ ಮುಖ್ಯಮಂತ್ರಿಯೊಬ್ಬರ ಹೆಸರಿನಲ್ಲಿಯೇ ಇದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧ ಎಂದರೂ ಅವಕಾಶ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ವಿಧಾನಸಭೆಯಲ್ಲಿ, ರಾಜಭವನದಲ್ಲಿ ಅಲ್ಲ ಎಂಬ ತತ್ವವನ್ನು ಸ್ಥಾಪಿಸಿತು. ಬಾಬರಿ ಮಸೀದಿ ಧ್ವಂಸದ ನಂತರ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರ್ಕಾರಗಳ ಪ್ರಕರಣಗಳೂ ಅದೇ ತೀರ್ಪಿನಲ್ಲಿದ್ದವು. ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲ ಸಂರಚನೆಯ, ಅಂದರೆ ಸಂಸತ್ತೂ ಕೆಡವಲಾಗದ ಅಡಿಪಾಯದ, ಭಾಗವೆಂದು ಹೇಳಿದ ಪೀಠ, ಆ ವಜಾಗಳನ್ನು ಎತ್ತಿಹಿಡಿಯಿತು.

ಹೆಮ್ಮೆಯ ಈ ಕಥೆಯ ಪಕ್ಕದಲ್ಲಿ ಇನ್ನೊಂದಿದೆ. 2019ರಲ್ಲಿ ರಾಜ್ಯದ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ಮಾತ್ರ ರದ್ದುಪಡಿಸಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದಾಗ, ಮತ್ತೆ ಕಣಕ್ಕಿಳಿದವರಲ್ಲಿ ಬಹುತೇಕರು ಗೆದ್ದರು, ಹಲವರು ಸಚಿವರೂ ಆದರು. ಪಕ್ಷಾಂತರ ಮಾಡಿದವರನ್ನು ಅನರ್ಹಗೊಳಿಸುವ, 1985ರ 52ನೇ ತಿದ್ದುಪಡಿ ತಂದ ಹತ್ತನೇ ಅನುಸೂಚಿ ಇದ್ದೇ ಇತ್ತು, ನ್ಯಾಯಾಲಯವೂ ತನ್ನ ಕೆಲಸ ಮಾಡಿತು, ಆದರೆ ಮತದಾರ ಬೇರೆ ಲೆಕ್ಕ ಹಾಕಿದ. ಅವನು ತಪ್ಪು ಮಾಡಿದ ಎನ್ನುವ ಅಧಿಕಾರ ಪ್ರಜಾಪ್ರಭುತ್ವದಲ್ಲಿ ಯಾರಿಗೂ ಇಲ್ಲ. ಉತ್ತರ ಕೇಳುವವರಿಲ್ಲದ ಕಡೆ ಉತ್ತರದಾಯಿತ್ವ ಇರುವುದಿಲ್ಲ ಎಂಬುದಷ್ಟೇ ನನಗೆ ಕಂಡ ಸಂಗತಿ.

ಹಾಗಾದರೆ ಧಾರ್ಮಿಕ ನಂಬಿಕೆಯಿಂದ ಸಂವಿಧಾನಕ್ಕೆ ಯಾವ ಉಪಕಾರವೂ ಆಗಿಲ್ಲವೇ?

ಆಗಿದೆ, ಅದೂ ಊಹಿಸದ ರೀತಿಯಲ್ಲಿ. ಸಂಸತ್ತು ಸಂವಿಧಾನದ ಮೂಲ ಸಂರಚನೆಯನ್ನು ಕೆಡವಲಾರದು ಎಂದು 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರ ಅಂತರದಲ್ಲಿ ಹೇಳಿದ ತೀರ್ಪು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಅರ್ಜಿಯಿಂದ ಹುಟ್ಟಿದ್ದು. ಅವರು ನ್ಯಾಯಾಲಯಕ್ಕೆ ಹೋದದ್ದು ಕೇರಳದ ಭೂಸುಧಾರಣೆಯಿಂದ ಮಠದ ಜಮೀನನ್ನು ಉಳಿಸಿಕೊಳ್ಳಲು. ಮಠ ಬಯಸಿದ ಪರಿಹಾರ ಸಿಗಲಿಲ್ಲ, ದೇಶಕ್ಕೆ ಮಾತ್ರ ಅಧಿಕಾರದ ಮೇಲೊಂದು ಕಡಿವಾಣ ಸಿಕ್ಕಿತು. ಕನ್ನಡ ನಾಡಿನ ಗಡಿಯಂಚಿನ ಮಠವೊಂದರ ಹೆಸರು ಕಾನೂನು ಓದುವ ಪ್ರತಿಯೊಬ್ಬರ ಬಾಯಲ್ಲಿರುವುದು ಹೀಗೆ.

ಇನ್ನೊಂದು ಪ್ರಕರಣ ಕೇರಳದ ಮೂವರು ಶಾಲಾ ಮಕ್ಕಳದು. ಯೆಹೋವನ ಸಾಕ್ಷಿಗಳೆಂಬ ಪಂಥಕ್ಕೆ ಸೇರಿದ ಆ ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರವಾಗಿ ನಿಂತಿತು. ದೃಢವಾದ ನಂಬಿಕೆ ಕೆಲವೊಮ್ಮೆ ಪ್ರಭುತ್ವದ ಮುಂದೆ ತಲೆಬಾಗದ ಧೈರ್ಯ ಕೊಡುತ್ತದೆ, ಆ ಧೈರ್ಯದಿಂದ ಎಲ್ಲರ ಹಕ್ಕೂ ಒಂದಿಷ್ಟು ಗಟ್ಟಿಯಾಗುತ್ತದೆ. ಎರಡೂ ಪ್ರಕರಣಗಳಲ್ಲಿ ನಂಬಿಕೆಯು ಸರ್ಕಾರದ ಎದುರು ನಿಂತಿತ್ತೇ ಹೊರತು ಸರ್ಕಾರದ ಕುರ್ಚಿಯಲ್ಲಿ ಕುಳಿತಿರಲಿಲ್ಲ.

'ಧರ್ಮನಿರಪೇಕ್ಷ' ಪದವನ್ನು ಸೇರಿಸಿದ್ದು 1976ರಲ್ಲಲ್ಲವೇ?

ಹೌದು, 42ನೇ ತಿದ್ದುಪಡಿಯಿಂದ. ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್ 25ರಂದು ವಜಾ ಮಾಡಿದೆ. ಕನ್ನಡದ ಪೀಠಿಕೆಯಲ್ಲಿ ಇದಕ್ಕೆ 'ಸರ್ವಧರ್ಮ ಸಮಭಾವದ' ಎಂಬ ಪದವೂ ಬಳಕೆಯಲ್ಲಿದೆ. ಪದ ಬರುವ ಮೊದಲೂ ಧಾರ್ಮಿಕ ಸ್ವಾತಂತ್ರ್ಯವನ್ನು ಕೊಡುವ 25ರಿಂದ 28ರವರೆಗಿನ ವಿಧಿಗಳು ಇದ್ದವು, ಕಾಮತರ ತಿದ್ದುಪಡಿ ಸೋತದ್ದೂ ಆ ಪದವಿಲ್ಲದ ಕಾಲದಲ್ಲಿಯೇ.

ಪ್ರಮಾಣವಚನ ಮುರಿದ ಸಚಿವರಿಗೆ ಶಿಕ್ಷೆ ಏನು?

ನೇರವಾದ ಶಿಕ್ಷೆ ಇಲ್ಲ. ರಾಷ್ಟ್ರಪತಿ ಸಂವಿಧಾನವನ್ನು ಉಲ್ಲಂಘಿಸಿದರೆ 61ನೇ ವಿಧಿಯಡಿ ಮಹಾಭಿಯೋಗ, ಅಂದರೆ ಸಂಸತ್ತು ಅವರನ್ನು ಪದಚ್ಯುತಗೊಳಿಸುವ ಕ್ರಮ, ಇದೆ. ಸಚಿವರ ವಿಷಯದಲ್ಲಿ ಉಳಿಯುವುದು ಸದನದ ಅವಿಶ್ವಾಸ, ಮುಖ್ಯಮಂತ್ರಿ ಅಥವಾ ಪ್ರಧಾನಿಯ ವಿವೇಚನೆ, ಮತ್ತು ಅಪರಾಧ ನಡೆದಿದ್ದರೆ ಸಾಮಾನ್ಯ ಕಾನೂನು. 2013ರ ಜುಲೈ 10ರ ತೀರ್ಪಿನ ನಂತರ, ಎರಡು ವರ್ಷ ಅಥವಾ ಹೆಚ್ಚಿನ ಸಜೆಗೆ ಗುರಿಯಾದ ಶಾಸಕ ಮೇಲ್ಮನವಿಯ ನೆಪದಲ್ಲಿ ಸ್ಥಾನದಲ್ಲಿ ಮುಂದುವರಿಯುವಂತಿಲ್ಲ. ಆರೋಪ ಮಾತ್ರ ಎದುರಿಸುತ್ತಿರುವವರನ್ನು ಸಚಿವರನ್ನಾಗಿ ಮಾಡಬಹುದೇ ಎಂಬ ಪ್ರಶ್ನೆ 2014ರಲ್ಲಿ ಬಂದಾಗ ಸಂವಿಧಾನ ಪೀಠ, ಸಂವಿಧಾನದಲ್ಲಿಲ್ಲದ ಅನರ್ಹತೆಯನ್ನು ನಾವು ಸೇರಿಸಲಾರೆವು, ಅಂಥವರನ್ನು ಆರಿಸದಿರುವುದು ಪ್ರಧಾನಿಯಿಂದ ನಿರೀಕ್ಷಿಸುವ ಸಾಂವಿಧಾನಿಕ ನೈತಿಕತೆ ಎಂದಿತು. ನ್ಯಾಯಾಲಯದ ಕೈ ಅಲ್ಲಿಗೆ ನಿಲ್ಲುತ್ತದೆ.

ಸಾಮಾನ್ಯ ನಾಗರಿಕರು ಮಾಡಬಹುದಾದ್ದು ಏನು?

ಮತದಾನವನ್ನು ಬಿಟ್ಟರೆ ಕೈಗೆ ಸುಲಭವಾಗಿ ಸಿಗುವುದು 2005ರ ಮಾಹಿತಿ ಹಕ್ಕು ಕಾಯ್ದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು, ಆದ್ದರಿಂದ ನಾಯಕರ ಬಗೆಗಿನ ಸಿಟ್ಟನ್ನೆಲ್ಲ ಅರ್ಜಿಯಲ್ಲಿ ತುಂಬಲು ಜಾಗವಿಲ್ಲ. ಯಾವ ಕಾಮಗಾರಿ, ಯಾವ ವರ್ಷ, ಎಷ್ಟು ಹಣ, ಬಿಲ್ಲಿಗೆ ಸಹಿ ಹಾಕಿದ ಅಧಿಕಾರಿಯ ಹುದ್ದೆ ಯಾವುದು ಎಂದಷ್ಟೇ ಕೇಳಿದರೆ ಸಾಕು. ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಅರ್ಜಿ ಕೊಟ್ಟ ದಿನದ ಸ್ವೀಕೃತಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಬೇಕು.